ಅಮ್ಮನ ಬಟ್ಟೆ ಉಳಿದಿಲ್ಲ, ಅಮ್ಮನ ಕೌದಿ ಹೊಲಿಯಬಹುದೇ?

ಪ್ರಶ್ನೆ: ಅಮ್ಮನ ನೆನಪಿಗೆ ಗೋಡೆಗೆ ಹಾಕುವಂಥ ಕಲಾಕೌದಿ ಮಾಡುವ ಆಸೆ. ಅವರ ಬಟ್ಟೆ ಒಂದೂ ಉಳಿದಿಲ್ಲ. ಹೊಸ ಬಟ್ಟೆಯಲ್ಲಿ ಮಾಡಿದರೆ ಅದು ಬರೀ ಅಲಂಕಾರ ಆಗಿಬಿಡುವುದಿಲ್ಲವೇ?

ಉತ್ತರ: ಇಲ್ಲ, ಆಗುವುದಿಲ್ಲ. ಅಮ್ಮನ ಬದಲು ಅಜ್ಜ, ಮಗು, ಬಿಟ್ಟುಬಂದ ಮನೆ ಅಂತ ಮಾತು ಬದಲಾಗುತ್ತದೆಯೇ ಹೊರತು ಪ್ರಶ್ನೆ ಇದೇ. ಇದಕ್ಕೆ ಎಷ್ಟು ಸಲ ಉತ್ತರಿಸಿದರೂ ‘ನೆನಪು ಬಟ್ಟೆಯೊಳಗೆ ಇರುತ್ತದೆ’ ಎಂಬ ನಂಬಿಕೆ ಅಲುಗುವುದಿಲ್ಲ. ಹಾಗಾಗಿ ಈ ಸಲ ಕೊಂಚ ವಿವರವಾಗಿಯೇ ಹೇಳುತ್ತೇನೆ.

ಹ್ಯಾರಿಯೆಟ್ ಪವರ್ಸ್ ಅವರ ಕೆಲಸ ನೋಡಿ. 1837ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮರಾಗಿ ಹುಟ್ಟಿದವರು. 1895ರಿಂದ 98ರ ಸುಮಾರಿಗೆ ಅವರು ಹೊಲಿದ, ಈಗ ಬೋಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರಕೌದಿಯಲ್ಲಿ 15 ಅಂಕಣಗಳಿವೆ. ಒಂದರಲ್ಲಿ 1833ರ ನವೆಂಬರ್ 13ರ ಉಲ್ಕಾಮಳೆ, ಇನ್ನೊಂದರಲ್ಲಿ 1780ರ ಮೇ 19ರಂದು ಹಾಡಹಗಲೇ ಕವಿದ ಕತ್ತಲೆ. ಎರಡೂ ಅವರು ಹುಟ್ಟುವುದಕ್ಕೆ ಮೊದಲೇ ನಡೆದು, ಜನರ ಬಾಯಲ್ಲಿ ಉಳಿದ ಸಂಗತಿಗಳು. ಆ ಉಲ್ಕಾಮಳೆಯ ರಾತ್ರಿಯ ಸಾಕ್ಷಿಯಾಗಿ ಒಂದು ಚಿಂದಿಯೂ ಅದರಲ್ಲಿ ಬೇಕಾಗಲಿಲ್ಲ. ಹತ್ತಿ ಬಟ್ಟೆಯಿಂದ ಕತ್ತರಿಸಿ ಕೂರಿಸಿದ ಸರಳ ಆಕೃತಿಗಳೇ ಸಾಕಾದವು.

‘ಹಾಗಾದರೆ ಮಿಸೌರಿ ಪೆಟ್ವೇ ಎಂಬಾಕೆಯ ಕೌದಿಗೆ ಏನನ್ನುತ್ತೀರಿ?’ ಎಂದು ಬಲ್ಲವರು ಕೇಳುತ್ತಾರೆ. ಸರಿ, ಅಮೆರಿಕದ ಅಲಬಾಮಾದ ಜೀಸ್ ಬೆಂಡ್‌ನ ಆಕೆ ತೀರಿಹೋದ ಗಂಡನ ದುಡಿಮೆಯ ಬಟ್ಟೆಗಳಿಂದಲೇ 1942ರಲ್ಲಿ ಕೌದಿ ಹೊಲಿದರು. ಅಲ್ಲಿ ಆ ಬಟ್ಟೆಯೇ ವಿಷಯ. ಅದನ್ನು ಹೊದ್ದು ಮಲಗುವುದೇ ಉದ್ದೇಶ. ಅದು ಒಂದು ದಾರಿ, ಒಪ್ಪೋಣ. ಅದೊಂದೇ ದಾರಿ ಅಂದಾಗ ಮಾತ್ರ ತಪ್ಪಾಗುತ್ತದೆ.

ಹಳೆಯ ಬಟ್ಟೆ ಇದ್ದವರು ಮಾಡುವ ಎಡವಟ್ಟನ್ನೂ ನೋಡಿ. ಚೌಕ ಚೌಕವಾಗಿ ಕತ್ತರಿಸಿ ಜೋಡಿಸಿಬಿಡುತ್ತಾರೆ. ಮನೆಯವರಿಗೆ ಗುರುತು ಸಿಗುತ್ತದೆ, ನೋಡುವವರಿಗೆ ಏನೂ ತಲುಪುವುದಿಲ್ಲ. ಅಂಗಿಯ ಜೇಬನ್ನು ಬಿಚ್ಚಿದರೆ ಅದರಡಿಯಲ್ಲಿ ಬಿಸಿಲು ಕಾಣದ ಒಂದು ಕಡುಬಣ್ಣದ ಚೌಕ ಉಳಿದಿರುತ್ತದೆ, ಸುತ್ತ ಹೊಲಿಗೆಯ ಸಣ್ಣ ತೂತುಗಳ ಸಾಲು. ಹೇಳಬೇಕಾದದ್ದು ಆ ಚೌಕದಲ್ಲಿದೆ, ಮಿಕ್ಕ ಎರಡು ಮೀಟರ್ ಬಟ್ಟೆಯಲ್ಲಲ್ಲ. ಜೊತೆಗೆ ಹಳೆಯ ಬಟ್ಟೆ ಹೊಲಿಗೆ ತಡೆಯಲೂ ಬೇಕು. ಬೆಳಕಿಗೆ ಹಿಡಿದು ನೋಡಿ, ಹಾಸಿನ ಕಡೆಗೂ ಹೊಕ್ಕಿನ ಕಡೆಗೂ ಒಮ್ಮೊಮ್ಮೆ ಎಳೆಯಿರಿ. ‘ಪಿಟ್’ ಎಂದರೆ ಅದು ಸೂಜಿಗೆ ಬಾರದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತೂಕ ಬರಲೆಂದು ಲೋಹದ ಲವಣ ಉಣಿಸಿದ ರೇಷ್ಮೆಗಳು ಕೌದಿಯಲ್ಲಿದ್ದಲ್ಲೇ ಸೀಳಿಹೋಗಿವೆ. ಟೀಶರ್ಟಿನಂಥ ಹಿಗ್ಗುವ ಬಟ್ಟೆಯಾದರೆ ಮೊದಲು ಹಿಂದೆ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಪದರ) ಅಂಟಿಸಿ, ಆಮೇಲೆ ಕತ್ತರಿಸಿ. ಈ ಕ್ರಮ ತಿರುಗಿದರೆ ಚೌಕದ ಆಕಾರವೇ ಉಳಿಯುವುದಿಲ್ಲ.

ಈಗ ನಿಮ್ಮ ಕೌದಿಗೆ ಬರೋಣ. ‘ಅಮ್ಮ’ ಎನ್ನುವುದು ತೀರಾ ದೊಡ್ಡ ವಿಷಯ. ಒಂದೇ ಗಳಿಗೆ ಹಿಡಿದು ಒಂದು ವಾಕ್ಯ ಬರೆಯಿರಿ. ಅದರಲ್ಲಿ ಅವರು ಏನೋ ಮಾಡುತ್ತಿರಬೇಕು. ‘ಅಮ್ಮ ಕಿಟಕಿಯ ಬಳಿ ಸೂಜಿಗೆ ದಾರ ಪೋಣಿಸುತ್ತಿದ್ದಾರೆ’ ಎಂದುಕೊಳ್ಳಿ. ಮುಖ ಬೇಕಿಲ್ಲ. ಬಿಳಿಚಿದ ಒಂದು ಆಯತ ಕಿಟಕಿ, ಮುಂದೆ ಬಾಗಿದ ಒಂದು ಕಪ್ಪು ಆಕೃತಿ, ಎತ್ತಿ ಹಿಡಿದ ಒಂದು ಕೈ, ಇಷ್ಟು ಸಾಕು. ಬಣ್ಣಕ್ಕಿಂತ ತಿಳಿ, ನಡು, ಗಾಢ ಎಂಬ ಮೂರು ಛಾಯೆ ಮುಖ್ಯ. ಬಟ್ಟೆಗಳನ್ನು ಹರಡಿ ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಆಕೃತಿ ಹಿನ್ನೆಲೆಯ ಗೋಡೆಯೊಳಗೆ ಕರಗಿದರೆ ಬಟ್ಟೆ ಬದಲಿಸಿ.

ಮೊದಲ ಕೌದಿಗೆ 30×40 ಸೆಂ.ಮೀ. ಸಾಕು. ಮೇಲ್ಪದರವನ್ನು ಸುತ್ತಲೂ 3 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ನಡುವಿನ ಬ್ಯಾಟಿಂಗ್ ಎಂಬ ಮೆತ್ತನೆಯ ಪದರ, ಕೆಳಗಿನ ಅಸ್ತರು ಅದಕ್ಕಿಂತ ಇನ್ನೂ 5 ಸೆಂ.ಮೀ. ದೊಡ್ಡದಿರಲಿ. ಆಕೃತಿಗಳಿಗೆ ಎರಡೂ ಬದಿ ಅಂಟುವ ಫ್ಯೂಸಿಂಗ್ ಬಳಸುವಾಗ ಅದರ ಕಾಗದದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಇಲ್ಲವಾದರೆ ಬಲಗೈ ಎಡಗೈ ಆಗುತ್ತದೆ. ಮೂರೂ ಪದರಕ್ಕೆ ಒಂದು ಮುಷ್ಟಿಯಷ್ಟು ಅಂತರದಲ್ಲಿ ಸೇಫ್ಟಿ ಪಿನ್ ಹಾಕಿ, ನಡುವಿನಿಂದ ಹೊರಕ್ಕೆ ಹೊಲಿಯುತ್ತ ಬನ್ನಿ. ಹೊಲಿಗೆ ಯಂತ್ರಕ್ಕೆ 14ನೇ ನಂಬರ್ ಸೂಜಿ ಸಾಕು. ಹೊಲಿಗೆ ತಪ್ಪತೊಡಗಿದರೆ ಸೂಜಿಗೆ ಅಂಟು ಮೆತ್ತಿದೆಯೇ ನೋಡಿ.

ನೆನಪು ಕೌದಿಯಾಗುವುದು ಈ ಹೊಲಿಗೆಯಲ್ಲಿ. ಹೊಲಿದ ಜಾಗ ತಗ್ಗುತ್ತದೆ, ಬಿಟ್ಟ ಜಾಗ ಉಬ್ಬುತ್ತದೆ. ಕತ್ತಲ ಗೋಡೆಯನ್ನು 3 ಮಿ.ಮೀ.ಗೊಂದು ಗೆರೆಯಂತೆ ಒತ್ತಾಗಿ ಹೊಲಿದು, ಕಿಟಕಿಯನ್ನು ಮುಟ್ಟದೆ ಬಿಡಿ. ಬೆಳಕು ತಾನಾಗಿ ಮುಂದೆ ಬರುತ್ತದೆ. ಬಣ್ಣದ ಕುಂಚಕ್ಕೆ ಇದು ಸಾಧ್ಯವಿಲ್ಲ, ಕೌದಿಗೆ ಸಾಧ್ಯ. ಸೂಜಿಗೆ ಹೋಗುವ ಆ ಒಂದು ದಾರವನ್ನು ಕೊನೆಗೆ ಕೈಯಿಂದ ಹೊಲಿದು, ತುದಿ ಕತ್ತರಿಸದೆ ಇಳಿಬಿಟ್ಟರೆ ಇನ್ನೂ ಚೆಂದ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಇಷ್ಟು ಮಾಡಿದ ಮೇಲೆ ಕೌದಿಯ ಅಂಚು ಹಪ್ಪಳದಂತೆ ಅಲೆಅಲೆಯಾಗಿ ನಿಲ್ಲುವುದು ಖಂಡಿತ. ಒತ್ತಾಗಿ ಹೊಲಿದಲ್ಲಿ ಬಟ್ಟೆ ಕುಗ್ಗುತ್ತದೆ. ನಡುವೆ ಒತ್ತು, ಅಂಚಿನಲ್ಲಿ ವಿರಳ ಆದರೆ ಅಂಚಿಗೆ ಉದ್ದ ಹೆಚ್ಚಾಗಿ ಅದು ನೆರಿಗೆಯಾಗುತ್ತದೆ. ಅಂಚು ಒತ್ತಾಗಿ ನಡು ವಿರಳವಾದರೆ ಹೊಟ್ಟೆ ಉಬ್ಬುತ್ತದೆ. ಕಿಟಕಿ ಎಷ್ಟೇ ಖಾಲಿಯಿರಲಿ, ನಾಲ್ಕೂ ಅಂಚಿನ ಹೊಲಿಗೆ ಪಕ್ಕದ ಭಾಗದಷ್ಟೇ ಒತ್ತಾಗಿರಲಿ. ಆದರೂ ಅಲೆ ಉಳಿದರೆ ಕೌದಿಯನ್ನು ನೀರು ಚಿಮುಕಿಸಿ ಒದ್ದೆ ಮಾಡಿ, ದಪ್ಪ ಥರ್ಮಾಕೋಲ್ ಹಲಗೆಯ ಮೇಲೆ ಎಳೆದು ಚುಚ್ಚುಪಿನ್ನಿನಿಂದ ಕೂರಿಸಿ. ಎರಡು ಕರ್ಣಗಳೂ ಸಮ ಇವೆಯೇ ಅಳೆದು ಫ್ಯಾನಿನ ಕೆಳಗೆ ಒಣಗಿಸಿ. ಪೂರ್ತಿ ಒಣಗಿದ ಮೇಲಷ್ಟೇ ಅಂಚು ಕತ್ತರಿಸಿ ಪಟ್ಟಿ ಕೊಡಿ.

ಹೀಗೆ ಒದ್ದೆ ಮಾಡಬೇಕಾಗುವುದರಿಂದ ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೋಡಿರಬೇಕು. ಕತ್ತರಿ ಹಾಕುವ ಮುನ್ನ ಪ್ರತಿ ಬಟ್ಟೆಯ ಒಂದು ತುಂಡನ್ನು ಬೆಚ್ಚಗಿನ ಸೋಪುನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಬಟ್ಟೆಯ ಮೇಲೆ ಒತ್ತಿ ಒಣಗಿಸಿ. ಕೆಂಪು, ಕಡುನೀಲಿಯನ್ನಂತೂ ಎರಡು ಸಲ ನೋಡಿ. ನಿಮ್ಮ ಆ ಬಿಳಿಚಿದ ಕಿಟಕಿಯ ಪಕ್ಕಕ್ಕೇ ಅವು ಬರುವುದು.