ಕಣ್ಣು ಒಣಗುವುದು: ನೀರು ಕಡಿಮೆಯೋ, ಬೇಗ ಆರುತ್ತಿದೆಯೋ?

ಆಪ್ಟೊಮೆಟ್ರಿ ಮತ್ತು ನರ್ಸಿಂಗ್ ಓದುವವರಿಗೆ ಇದು ಸಣ್ಣ ಪಾಠ ಅನಿಸುತ್ತದೆ. ಕಣ್ಣು ಒಣಗಿದೆ, ಡ್ರಾಪ್ಸ್ ಹಾಕಿ, ಮುಗೀತು. ಆದರೆ ಒಪಿಡಿಯಲ್ಲಿ ಕೂತರೆ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಎದುರಿಗೆ ಕೂತವರು "ಕಣ್ಣಲ್ಲಿ ಸದಾ ನೀರು ಸೋರುತ್ತೆ" ಅಂತಾರೆ. ಡಾಕ್ಟರ್ ಚೀಟಿಯಲ್ಲಿ ಒಣಕಣ್ಣು ಅಂತ ಬರೆಯುತ್ತಾರೆ. ಎರಡೂ ಸರಿ. ಯಾಕೆ ಅಂತ ತಿಳಿಯಲು ಕಣ್ಣೀರಿನ ಪದರದಿಂದ ಶುರು ಮಾಡಬೇಕು.

ಕರಿಗುಡ್ಡೆಯ (ಕಾರ್ನಿಯಾ) ಮೇಲಿರುವ ಕಣ್ಣೀರಿನ ಪದರದ ದಪ್ಪ ಸುಮಾರು 3 ಮೈಕ್ರಾನ್. ಒಂದು ಮಿಲಿಮೀಟರನ್ನು 1000 ಭಾಗ ಮಾಡಿದರೆ ಅದರಲ್ಲಿ ಮೂರು ಭಾಗ, ಅಷ್ಟೇ. ಇಷ್ಟು ತೆಳು ಪದರದಲ್ಲೂ ಮೂರು ಸರಕುಗಳಿವೆ. ಕೆಳಗೆ ಲೋಳೆ, ಅಂದರೆ ಮ್ಯೂಸಿನ್. ಕಣ್ಣಿನ ಬಿಳಿಭಾಗದ ಮೇಲಿರುವ ಪೊರೆಯ ಗಾಬ್ಲೆಟ್ ಕೋಶಗಳು ಅದನ್ನು ಮಾಡುತ್ತವೆ. ನೀರು ಜಾರಿಹೋಗದೆ ಕಣ್ಣಿಗೆ ಅಂಟಿಕೊಳ್ಳಲು ಇದು ಬೇಕು. ಅದರೊಳಗೆ ಬೆರೆತು ನೀರಿನ ಭಾಗ. ಇದು ಬರುವುದು ಕಣ್ಣಿನ ಗೂಡಿನ ಮೇಲ್ಭಾಗದ ಹೊರಮೂಲೆಯಲ್ಲಿರುವ ಲ್ಯಾಕ್ರಿಮಲ್ ಗ್ರಂಥಿಯಿಂದ. ಮೇಲ್ಗಡೆ ಎಣ್ಣೆಯ ಪದರ. ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಮೈಬೋಮಿಯನ್ ಗ್ರಂಥಿಗಳು ಅದನ್ನು ಒಸರುತ್ತವೆ. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲಿ ಇವುಗಳ ಬಗ್ಗೆ ಬರೆದ, ಅದಕ್ಕೇ ಈ ಹೆಸರು. ಹಳೆಯ ಪುಸ್ತಕಗಳು ಲೋಳೆ, ನೀರು, ಎಣ್ಣೆ ಅಂತ ಮೂರು ಪದರಗಳನ್ನು ಬೇರೆಬೇರೆಯಾಗಿ ಬಿಡಿಸಿ ತೋರಿಸುತ್ತವೆ. ಈಗ ಲೋಳೆ ಮತ್ತು ನೀರು ಬೆರೆತ ಒಂದು ಪದರ, ಅದರ ಮೇಲೆ ಎಣ್ಣೆ ಅಂತ ಹೇಳುತ್ತಾರೆ.

ಈ ಎಣ್ಣೆ ಇದ್ದರೆ ನೀರು ಬೇಗ ಆರುವುದಿಲ್ಲ. ಎಣ್ಣೆ ಕೆಟ್ಟರೆ ನೀರು ಎಷ್ಟೇ ಬಂದರೂ ನಿಲ್ಲುವುದಿಲ್ಲ. ಹಾಗಾಗಿ ಯಾವ ರೋಗಿ ಬಂದರೂ ಮನಸ್ಸಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೀರು ಕಡಿಮೆ ಬರುತ್ತಿದೆಯಾ, ಇಲ್ಲ ಬಂದದ್ದು ಬೇಗ ಆರುತ್ತಿದೆಯಾ? ಎರಡನೆಯದೇ ಜಾಸ್ತಿ. ಎರಡೂ ಕೂಡಿರುವವರೂ ಬೇಕಾದಷ್ಟು ಜನ.

ಇನ್ನು ನೀರು ಸೋರುವ ವಿಷಯ. ಪದರ ಅಲ್ಲಲ್ಲಿ ಹರಿದಾಗ ಕರಿಗುಡ್ಡೆಯ ನರಗಳು ಗಾಳಿಗೆ ತೆರೆದುಕೊಳ್ಳುತ್ತವೆ. ಮೈಯಲ್ಲೇ ಅತಿ ಸೂಕ್ಷ್ಮ ಜಾಗಗಳಲ್ಲಿ ಕರಿಗುಡ್ಡೆಯೂ ಒಂದು. ಅದು ಉರಿದ ತಕ್ಷಣ ಮಿದುಳಿಗೆ ಸುದ್ದಿ ಹೋಗುತ್ತದೆ, ಲ್ಯಾಕ್ರಿಮಲ್ ಗ್ರಂಥಿ ಒಂದೇ ಸಲ ನೀರು ಸುರಿಸುತ್ತದೆ. ಈ ನೀರಿನಲ್ಲಿ ಎಣ್ಣೆ, ಲೋಳೆಯ ಹದ ಇರುವುದಿಲ್ಲ. ಕೆನ್ನೆ ಮೇಲೆ ಇಳಿದು ಹೋಗುತ್ತದೆ, ಕಣ್ಣು ಮತ್ತೆ ಒಣಗುತ್ತದೆ. ಓದುವಾಗ ಅಕ್ಷರ ಮಂಜಾಗಿ, ರೆಪ್ಪೆ ಮಿಟುಕಿಸಿದರೆ ತಿಳಿಯಾಗುವುದಕ್ಕೂ ಇದೇ ಕಾರಣ. ಬೆಳಕು ಮೊದಲು ಬಾಗುವುದೇ ಈ ಪದರದ ಮೇಲೆ, ಅದು ಹರಿದರೆ ನೋಟ ಕೆಡುತ್ತದೆ. ಕನ್ನಡಕದ ನಂಬರ್ ಬದಲಾಯಿಸಿ ಉಪಯೋಗವಿಲ್ಲ.

ಕೇಳುವುದು ಹೇಗೆ? ಸುಮ್ನೆ "ಕಣ್ಣು ಒಣಗುತ್ತಾ?" ಅಂದರೆ ಯಾರೂ ಹೌದು ಅನ್ನಲ್ಲ. "ಅಮ್ಮಾ, ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತಾ? ಬೆಳಿಗ್ಗೆ ಜಾಸ್ತಿನಾ, ಸಂಜೆನಾ?" ಅಂತ ಕೇಳಿ. ಸಾಮಾನ್ಯವಾಗಿ ರೆಪ್ಪೆಯ ತೊಂದರೆ ಇದ್ದವರಿಗೆ ಬೆಳಿಗ್ಗೆ ಕಷ್ಟ, ನೀರು ಕಡಿಮೆ ಇದ್ದವರಿಗೆ ದಿನ ಕಳೆದಂತೆ ಕಷ್ಟ. ಆಮೇಲೆ ಮಾತ್ರೆಗಳ ಪಟ್ಟಿ ನೋಡಿ. ನೆಗಡಿ-ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಡ್ರಾಪ್ಸ್, ಎಲ್ಲವೂ ಕಣ್ಣನ್ನು ಒಣಗಿಸಬಲ್ಲವು. ಮುಟ್ಟು ನಿಂತ ಹೆಂಗಸರಲ್ಲಿ ತೊಂದರೆ ಜಾಸ್ತಿ. ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ (ಲೇಸಿಕ್) ಆಗಿದೆಯಾ, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾರಾ ಅಂತಲೂ ವಿಚಾರಿಸಿ.

ಒಂದು ಪ್ರಶ್ನೆಯನ್ನು ಮರೆಯಲೇಬೇಡಿ: "ಬಾಯಿ ಒಣಗುತ್ತಾ? ಚಪಾತಿ, ಅವಲಕ್ಕಿ ನೀರು ಕುಡಿಯದೆ ಗಂಟಲಲ್ಲಿ ಇಳಿಯಲ್ವಾ?" ಹೌದು ಅಂದರೆ, ಜೊತೆಗೆ ಕೀಲುನೋವೂ ಇದ್ದರೆ, ಶೋಗ್ರೆನ್ ಕಾಯಿಲೆಯ ಅನುಮಾನ ಬರಬೇಕು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರ ತನ್ನ ಪ್ರಬಂಧದಲ್ಲಿ ಇದನ್ನು ವಿವರಿಸಿದ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ಕಾಯಿಲೆ ಇದು. ಇಂಥವರನ್ನು ಬರೀ ಡ್ರಾಪ್ಸ್ ಕೊಟ್ಟು ಕಳಿಸಬಾರದು.

ಮಕ್ಕಳ ವಿಷಯ ಬೇರೆ. ಸಣ್ಣ ಮಗುವಿನ ಕಣ್ಣು ಒಣಗಿ, ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಕಂಡು, ಸಂಜೆಯಾದರೆ ಮಗು ತಡವರಿಸಿದರೆ ಅದು ವಿಟಮಿನ್ ಎ ಕೊರತೆ. ಆ ಮಚ್ಚೆಯೇ ಬಿಟೋ ಸ್ಪಾಟ್. ನಮ್ಮಲ್ಲಿ 9ನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷದಂತೆ 5 ವರ್ಷದವರೆಗೆ ವಿಟಮಿನ್ ಎ ಕೊಡುವುದು ಇದನ್ನು ತಡೆಯಲೆಂದೇ.

ಪರೀಕ್ಷೆಗಳಲ್ಲಿ ಕ್ರಮ ಮುಖ್ಯ. ಮೊದಲು ಟಿಬಿಯುಟಿ (ಟಿಯರ್ ಬ್ರೇಕಪ್ ಟೈಮ್, ಅಂದರೆ ಪದರ ಹರಿಯಲು ಹಿಡಿಯುವ ಹೊತ್ತು), ಆಮೇಲೆ ನೀರಿನ ಪ್ರಮಾಣ ಅಳೆಯುವ ಶಿರ್ಮರ್. ಟಿಬಿಯುಟಿಯಲ್ಲಿ ಫ್ಲೋರೆಸಿನ್ ಬಣ್ಣ ಹಚ್ಚಿ, ನೀಲಿ ಬೆಳಕಿನಲ್ಲಿ ನೋಡುತ್ತಾ, ಮಿಟುಕಿಸಿದ ಮೇಲೆ ಹಸಿರು ಪದರದಲ್ಲಿ ಮೊದಲ ಕಪ್ಪು ಚುಕ್ಕೆ ಯಾವಾಗ ಕಾಣುತ್ತದೆ ಅಂತ ಎಣಿಸುತ್ತೇವೆ. 10 ಸೆಕೆಂಡಿಗಿಂತ ಕಡಿಮೆ ಇದ್ದರೆ ಪದರ ನಿಲ್ಲುತ್ತಿಲ್ಲ. ಶಿರ್ಮರ್‌ಗೆ ಕೆಳರೆಪ್ಪೆಯ ಅಂಚಿಗೆ ಸಿಕ್ಕಿಸುವ 35 ಮಿ.ಮೀ. ಉದ್ದದ ಕಾಗದದ ಪಟ್ಟಿ. 5 ನಿಮಿಷದಲ್ಲಿ 5 ಮಿ.ಮೀ. ಕೂಡ ಒದ್ದೆಯಾಗದಿದ್ದರೆ ನೀರೇ ಕಡಿಮೆ. ಮೊದಲೇ ಕಾಗದ ಇಟ್ಟರೆ ಕಣ್ಣು ಕೆರಳಿ ನೀರು ಸುರಿಯುತ್ತದೆ, ಮುಂದಿನ ಪರೀಕ್ಷೆಗಳೆಲ್ಲ ಕೆಡುತ್ತವೆ.

ರೆಪ್ಪೆಯ ಅಂಚನ್ನು ಒತ್ತಿ ನೋಡುವುದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಇದೆ. ಆರೋಗ್ಯವಾಗಿದ್ದರೆ ತಿಳಿ ಎಣ್ಣೆ ಬರುತ್ತದೆ. ಕೆಟ್ಟಿದ್ದರೆ ಚಳಿಗೆ ಹೆಪ್ಪುಗಟ್ಟಿದ ತುಪ್ಪದ ಹಾಗೆ ಗಟ್ಟಿಯಾಗಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಶಾಖ ಕೊಡುವ ಚಿಕಿತ್ಸೆಯ ತರ್ಕವೂ ಇದೇ, ಎಣ್ಣೆಯನ್ನು ಕರಗಿಸುವುದು. ಮುಚ್ಚಿದ ರೆಪ್ಪೆಯ ಮೇಲೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿ, 5ರಿಂದ 10 ನಿಮಿಷ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಒಂದೆರಡು ನಿಮಿಷಕ್ಕೇ ತಣ್ಣಗಾಗುತ್ತದೆ, ಮತ್ತೆ ಮತ್ತೆ ಅದ್ದಬೇಕು. "ಮಾಡಿದೆ, ಏನೂ ಆಗಲಿಲ್ಲ" ಅನ್ನುವವರನ್ನು ಎಷ್ಟು ಹೊತ್ತು ಮಾಡಿದಿರಿ ಅಂತ ಕೇಳಿ ನೋಡಿ. ಶಾಖದ ನಂತರ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಮೆತ್ತಗೆ ಒತ್ತಿ ಉಜ್ಜಬೇಕು. ಕರಿಗುಡ್ಡೆಯ ಮೇಲೆ ಒತ್ತಬಾರದು.

ಮಿಟುಕಿಸುವುದು ಕೂಡ ಚಿಕಿತ್ಸೆಯೇ. ಪ್ರತಿ ಸಲ ರೆಪ್ಪೆ ಪೂರ್ತಿ ಮುಚ್ಚಿದಾಗ ಗ್ರಂಥಿಯಿಂದ ಎಣ್ಣೆ ಹೊರಗೆ ಬರುತ್ತದೆ. ಮಾಮೂಲಾಗಿ ನಿಮಿಷಕ್ಕೆ 15ರಿಂದ 20 ಸಲ ಮಿಟುಕಿಸುತ್ತೇವೆ. ಮೊಬೈಲು, ಲ್ಯಾಪ್‌ಟಾಪ್ ನೋಡುವಾಗ ಇದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಅದೂ ಅರೆಬರೆ ಮುಚ್ಚುತ್ತದೆ. ಪರದೆ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ರೆಪ್ಪೆ ಅರ್ಧ ಇಳಿದಿರುತ್ತದೆ, ಗಾಳಿಗೆ ಒಡ್ಡುವ ಜಾಗ ಕಡಿಮೆಯಾಗುತ್ತದೆ. ಎಸಿ ಗಾಳಿ, ಫ್ಯಾನು ಮುಖಕ್ಕೆ ನೇರ ಬೀಳದಿರಲಿ. ಬೈಕಿನಲ್ಲಿ ವೈಸರ್ ಇಳಿಸಿ, ಇದಕ್ಕೆ ದುಡ್ಡೂ ಬೇಡ.

ಡ್ರಾಪ್ಸ್‌ಗೆ ಬರೋಣ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5%, ಸೋಡಿಯಂ ಹ್ಯಾಲುರೊನೇಟ್ ನಮ್ಮಲ್ಲಿ ಸುಲಭವಾಗಿ ಸಿಗುವ ಕೃತಕ ಕಣ್ಣೀರು. ಒಂದು ಹನಿ ಸಾಕು. ಕಣ್ಣು ಹಿಡಿಯುವುದೇ ಸುಮಾರು 30 ಮೈಕ್ರೋಲೀಟರ್, ಒಂದು ಹನಿ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕುವುದಿದ್ದರೆ ಸಂರಕ್ಷಕ (ಔಷಧಿ ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದು ಒಳ್ಳೆಯದು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಕಣ್ಣಿನ ಮೇಲ್ಮೈಯನ್ನೇ ಕೆಡಿಸುತ್ತದೆ. ಆದರೆ ಸಂರಕ್ಷಕ ಇಲ್ಲದ ಬಾಟಲಿಗೆ ಸ್ವಚ್ಛತೆ ಇನ್ನೂ ಮುಖ್ಯ. ತಮಿಳುನಾಡಿನಲ್ಲಿ ತಯಾರಾಗಿ ಅಮೆರಿಕದಲ್ಲಿ ಮಾರಾಟವಾದ ಅಂಥ ಡ್ರಾಪ್ಸ್‌ನಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯಾ ಸೇರಿ ಕೆಲವರು ದೃಷ್ಟಿ ಕಳೆದುಕೊಂಡರು, ಸಾವುಗಳೂ ಆದವು. 2023ರಲ್ಲಿ ಅದನ್ನು ವಾಪಸ್ ತರಿಸಿದರು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು ಅಂತ ರೋಗಿಗೆ ಮಾಡಿ ತೋರಿಸಿ.

ಕೆಂಪು ಹೋಗಿಸುವ ಡ್ರಾಪ್ಸ್ ಒಣಕಣ್ಣಿಗೆ ಔಷಧಿಯಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಡ್ರಾಪ್ಸ್ ಇನ್ನೂ ಅಪಾಯ. ಹಾಕಿದ ತಕ್ಷಣ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ (ಕ್ಯಾಟರಾಕ್ಟ್) ಬರಬಹುದು. ಜೇನು, ಹರಳೆಣ್ಣೆ, ಎದೆಹಾಲು ಕಣ್ಣಿಗೆ ಬೇಡವೇ ಬೇಡ. ಉರಿಯೂತ ಇದ್ದವರಿಗೆ ಅದನ್ನು ತಗ್ಗಿಸಲು ಡಾಕ್ಟರ್ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಬರೆಯುತ್ತಾರೆ. ಹಾಕಿದಾಗ ಉರಿಯುತ್ತದೆ, ಗುಣ ಕಾಣಲು ವಾರಗಳು, ತಿಂಗಳುಗಳೇ ಬೇಕು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಅರ್ಧಕ್ಕೇ ಬಿಡುತ್ತಾರೆ. ಒಮೆಗಾ-3 ಮಾತ್ರೆಗೆ ಬಹಳ ಹೆಸರಿದೆ. ಆದರೆ 2018ರಲ್ಲಿ ಪ್ರಕಟವಾದ ಡ್ರೀಮ್ ಅಧ್ಯಯನದಲ್ಲಿ 535 ಜನರನ್ನು ಒಂದು ವರ್ಷ ನೋಡಿದಾಗ, ದಿನಕ್ಕೆ 3000 ಮಿಲಿಗ್ರಾಂ ತೆಗೆದುಕೊಂಡವರಿಗೂ ಆಲಿವ್ ಎಣ್ಣೆಯ ಮಾತ್ರೆ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ವೈವಾದಲ್ಲಿ ಕೇಳಬಹುದಾದ ಇನ್ನೊಂದು: ಪೊರೆ ಆಪರೇಷನ್‌ಗೂ ಇದಕ್ಕೂ ಏನು ಸಂಬಂಧ? ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಕರಿಗುಡ್ಡೆಯ ಬಾಗು ಅಳೆಯುತ್ತೇವೆ, ಅಲ್ವಾ? ಪದರ ಹರಿದಿದ್ದರೆ ಒಂದು ಸಲ ಒಂದು ಅಳತೆ, ಇನ್ನೊಂದು ಸಲ ಇನ್ನೊಂದು. ಲೆನ್ಸ್ ತಪ್ಪಿದರೆ ಆಪರೇಷನ್ ಚೆನ್ನಾಗಿ ಆದರೂ ಕನ್ನಡಕ ತಪ್ಪುವುದಿಲ್ಲ. ಅಳತೆಗಳು ಒಂದಕ್ಕೊಂದು ಹೊಂದದಿದ್ದರೆ ಮೊದಲು ಒಣಕಣ್ಣಿಗೆ ಚಿಕಿತ್ಸೆ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಅಳೆಯಬೇಕು. ಅಳೆಯುವ ಮುನ್ನ ದಪ್ಪನೆಯ ಜೆಲ್ ಡ್ರಾಪ್ಸ್ ಹಾಕಿಬಿಡಬೇಡಿ, ಅದರಿಂದಲೂ ಅಳತೆ ಕೆಡುತ್ತದೆ.