ಇಟಿಸಿ ಡೈರೆಕ್ಟರಿಗೆ ಬರೀ ಗಿಟ್ ಸಾಕೇ?

ಪ್ರಶ್ನೆ: ಲಿನಕ್ಸ್ ಸರ್ವರಿನ ಸೆಟ್ಟಿಂಗ್ ಫೈಲುಗಳಿರುವ ಇಟಿಸಿ (/etc) ಡೈರೆಕ್ಟರಿಯಲ್ಲಿ, ಫೈಲುಗಳ ಬದಲಾವಣೆಗಳ ಇತಿಹಾಸವನ್ನಿಡುವ ಗಿಟ್ ಸಾಧನದ ‘ಗಿಟ್ ಇನಿಟ್’ ಆದೇಶ ಕೊಟ್ಟು, ಇರುವ ಫೈಲುಗಳನ್ನೆಲ್ಲ ಕಮಿಟ್ ಮಾಡಿಟ್ಟರೆ, ಅಂದರೆ ಆ ಇತಿಹಾಸದಲ್ಲಿ ದಾಖಲಿಸಿಟ್ಟರೆ, ಸಾಲದೇ? ಇಟಿಸಿಕೀಪರ್ ಎಂಬ ಇನ್ನೊಂದು ಸಾಧನ ಏಕೆ?

ಯಾವ ಸಾಲು ಯಾವಾಗ ಬದಲಾಯಿತು ಎಂದು ತಿಳಿಯುವುದಷ್ಟೇ ಉದ್ದೇಶವಾದರೆ ಧಾರಾಳವಾಗಿ ಸಾಕು. ತೊಂದರೆ ಎದುರಾಗುವುದು ಹಳೆಯ ಸ್ಥಿತಿಗೆ ಮರಳಬೇಕಾದ ದಿನ. ಗಿಟ್ ಹುಟ್ಟಿದ್ದು 2005ರಲ್ಲಿ, ಲಿನಕ್ಸ್ ಕರ್ನಲ್‌ನ ಸೋರ್ಸ್ ಕೋಡಿಗಾಗಿ. ಅಲ್ಲಿ ಫೈಲಿನ ಒಡೆಯ ಯಾರು, ಅದನ್ನು ಯಾರು ಓದಬಹುದು ಎಂಬ ಪ್ರಶ್ನೆಗಳಿಗೆ ಮಹತ್ವವಿಲ್ಲವಾದ್ದರಿಂದ, ಒಳಗಿನ ಬರಹವನ್ನು ಅಕ್ಷರಶಃ ಕಾಪಾಡುವ ಗಿಟ್, ಸಾಮಾನ್ಯ ಫೈಲಿನ ಅನುಮತಿಗಳಲ್ಲಿ ಎಕ್ಸಿಕ್ಯೂಟ್ ಬಿಟ್ (ಫೈಲನ್ನು ಪ್ರೋಗ್ರಾಮಿನಂತೆ ನಡೆಸಬಹುದು ಎಂಬ ಗುರುತು) ಒಂದನ್ನುಳಿದು ಬೇರಾವುದನ್ನೂ ದಾಖಲಿಸುವುದಿಲ್ಲ.

ಇಟಿಸಿಯಲ್ಲಿ ಆ ಅನುಮತಿಗಳೇ ಮುಖ್ಯ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರಿನ ಖಾಸಗಿ ಹೋಸ್ಟ್ ಕೀಗಳು (ಸರ್ವರಿನ ಗುರುತನ್ನು ಸಾಬೀತುಪಡಿಸುವ ಗುಟ್ಟಿನ ಫೈಲುಗಳು) ಕೈತಪ್ಪಿ ಅಳಿಸಿಹೋದವು, ನೀವು ಅವನ್ನು ಗಿಟ್‌ನಿಂದ ಮರಳಿ ತಂದಿರಿ ಎಂದುಕೊಳ್ಳೋಣ. ಮೊದಲು 600 (ಒಡೆಯ ಮಾತ್ರ ಓದಿ ಬರೆಯಬಹುದು) ಇದ್ದ ಅನುಮತಿ, ಹೊಸ ಫೈಲುಗಳ ಅನುಮತಿಯನ್ನು ನಿರ್ಧರಿಸುವ ಉಮಾಸ್ಕ್ 022 ಆಗಿದ್ದರೆ, ಈಗ 644 (ಉಳಿದವರೂ ಓದಬಹುದು) ಆಗಿರುತ್ತದೆ. ಎಲ್ಲರೂ ಓದಬಹುದಾದ ಕೀಯನ್ನು ಎಸ್‌ಎಸ್‌ಎಚ್‌ಡಿ, ಅಂದರೆ ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಮ್, ಒಪ್ಪುವುದಿಲ್ಲ; ಬಳಸಲು ಒಂದು ಕೀಯೂ ಉಳಿಯದಿದ್ದರೆ ಮುಂದಿನ ಸಲ ಅದು ಆರಂಭವೇ ಆಗದು. ಒಂದು ಲೆಕ್ಕದಲ್ಲಿ ಇದು ಒಳ್ಳೆಯ ದೋಷ, ಏಕೆಂದರೆ ಕಣ್ಣಿಗೆ ಬೀಳುತ್ತದೆ. ಪಾಸ್‌ವರ್ಡ್ ಹ್ಯಾಶ್‌ಗಳಿರುವ (ಪಾಸ್‌ವರ್ಡ್‌ಗಳನ್ನು ಗುರುತು ಸಿಗದಂತೆ ಮಾರ್ಪಡಿಸಿಟ್ಟ ರೂಪಗಳಿರುವ) ಶ್ಯಾಡೋ ಫೈಲಿಗೂ ಹೀಗೇ ಆದರೆ, ಎಲ್ಲವೂ ಎಂದಿನಂತೆ ನಡೆಯುತ್ತಿರುತ್ತದೆ, ಹ್ಯಾಶ್‌ಗಳು ಮಾತ್ರ ಪ್ರತಿಯೊಬ್ಬ ಬಳಕೆದಾರನಿಗೂ ತೆರೆದಿರುತ್ತವೆ.

ಜೋಯಿ ಹೆಸ್ ಬರೆದ ಇಟಿಸಿಕೀಪರ್ ತುಂಬುವುದು ಈ ಕೊರತೆಯನ್ನು. ಪ್ರತಿ ಕಮಿಟ್‌ಗೆ ಮುನ್ನ ಅದು ಅನುಮತಿ, ಒಡೆತನ ಹಾಗೂ ಗಿಟ್ ಲೆಕ್ಕಿಸದ ಖಾಲಿ ಡೈರೆಕ್ಟರಿಗಳ ವಿವರವನ್ನು ಒಂದು ಪ್ರತ್ಯೇಕ ಫೈಲಿನಲ್ಲಿ ಬರೆದಿಡುತ್ತದೆ. ಹಳೆಯ ಕಮಿಟ್‌ಗೆ ಮರಳಿದ ಮೇಲೆ ‘ಇಟಿಸಿಕೀಪರ್ ಇನಿಟ್’ ಕೊಟ್ಟರೆ ಅವೆಲ್ಲ ಮೊದಲಿನಂತಾಗುತ್ತವೆ. ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಆಪ್ಟ್‌ನಂಥ ಪ್ಯಾಕೇಜ್ ಮ್ಯಾನೇಜರುಗಳ ಜೊತೆ ಹೊಂದಿಕೊಂಡು, ಇನ್‌ಸ್ಟಾಲ್ ಆದ ನಂತರದ ಬದಲಾವಣೆಗಳನ್ನು ತಾನಾಗಿಯೇ ಕಮಿಟ್ ಮಾಡುವುದು ಇನ್ನೊಂದು ಅನುಕೂಲ. ಆದರೂ ಕೈಯಾರೆ ಮಾಡಿದ ತಿದ್ದುಪಡಿಯನ್ನು ಕಾರಣ ಬರೆದು ನೀವೇ ಕಮಿಟ್ ಮಾಡುವುದು ಲೇಸು. ಇಟಿಸಿಕೀಪರ್ ದಿನಕ್ಕೊಮ್ಮೆ ತಾನಾಗಿ ಮಾಡುವ ಆಟೊಕಮಿಟ್‌ಗೆ ನಿಮ್ಮ ಮನಸ್ಸಿನಲ್ಲಿದ್ದದ್ದು ತಿಳಿಯದು.

ಈ ಇತಿಹಾಸವೆಲ್ಲ ಇರುವ ರೆಪೊಸಿಟರಿಯನ್ನು ಹೊರಗಿನ ಸರ್ವರಿಗೆ ಪುಶ್ ಮಾಡುವ (ಕಳಿಸುವ) ಮುನ್ನ ಮಾತ್ರ ಎರಡು ಬಾರಿ ಯೋಚಿಸಿ. ಶ್ಯಾಡೋ ಫೈಲೂ ಖಾಸಗಿ ಕೀಗಳೂ ಅದರೊಳಗಿವೆ, ಮುಂದೆ ಎಂದಾದರೂ ಅವನ್ನು ಅಳಿಸಿ ಕಮಿಟ್ ಮಾಡಿದರೂ ಹಳೆಯ ಕಮಿಟ್‌ಗಳಲ್ಲಿ ಹಾಗೆಯೇ ಉಳಿದಿರುತ್ತವೆ.