ಪಿಲಾತನ ಹೆಸರಿನ ಉಂಗುರ: ಮುದ್ರೆಯನ್ನು ಓದುವ ಬಗೆ

ಜೆರುಸಲೇಮಿನ ದಕ್ಷಿಣಕ್ಕಿರುವ ಹೆರೋಡಿಯಂ ಕೋಟೆಯಲ್ಲಿ 1968–69ರಲ್ಲಿ ಗಿಡಿಯೋನ್ ಫೋರ್ಸ್ಟರ್ ನಡೆಸಿದ ಉತ್ಖನನದಲ್ಲಿ ಒಂದು ಮುದ್ರೆಯುಂಗುರ ಸಿಕ್ಕಿತು. ಅದನ್ನು ಶುಚಿಗೊಳಿಸಿ ವಿಶೇಷ ರೀತಿಯಲ್ಲಿ ಛಾಯಾಚಿತ್ರ ತೆಗೆದ ಮೇಲೆ ಅಕ್ಷರಗಳು ಕಂಡವು. 2018ರಲ್ಲಿ ಅವುಗಳ ಓದು ಪ್ರಕಟವಾಯಿತು. ನಡುವೆ ದ್ರಾಕ್ಷಾರಸ ಬೆರೆಸುವ ಪಾತ್ರೆ, ಅದರ ಸುತ್ತ ಗ್ರೀಕ್ ಅಕ್ಷರಗಳಲ್ಲಿ ಪಿಲಾತನ ಹೆಸರು. ಯೇಸುವನ್ನು ಶಿಲುಬೆಗೇರಿಸಲು ಆಜ್ಞೆ ಕೊಟ್ಟ ರೋಮನ್ ಅಧಿಪತಿಯ ಹೆಸರೂ ಪಿಲಾತನೇ. ಲೋಹವನ್ನು ‘ತಾಮ್ರದ ಮಿಶ್ರಲೋಹ’ ಎಂದು ಕರೆಯುತ್ತಾರೆ. ಎಷ್ಟು ತವರ ಬೆರೆತಿದೆ ಎಂದು ಪರೀಕ್ಷಿಸದೆ ‘ಕಂಚು’ ಎನ್ನುವಂತಿಲ್ಲ.

ನಾನು ಎಡವಿದ್ದು ಮುದ್ರೆ ತಿರುವುಮುರುವಾಗುವ ವಿಷಯದಲ್ಲಿ. ಕೆತ್ತನೆಯ ತಗ್ಗು ಮೇಣದಲ್ಲಿ ಉಬ್ಬಾಗುತ್ತದೆ, ಎಡ ಬಲವಾಗುತ್ತದೆ ಎಂಬುದು ಗೊತ್ತಿತ್ತು. ತಲೆ–ಕಾಲೂ ಅದಲುಬದಲಾಗುತ್ತವೆ ಎಂದುಕೊಂಡಿದ್ದೆ. ಸೋಪಿನ ಮೇಲೆ ‘ಕ’ ಕೆತ್ತಿ ಚಪಾತಿ ಹಿಟ್ಟಿಗೆ ಒತ್ತಿದೆ. ಸೋಪನ್ನು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿ ಒತ್ತಿದಾಗ ಎಡ–ಬಲ ಮಾತ್ರ ಬದಲಾಯಿತು. ಮುಂದಕ್ಕೆ ಮಗುಚಿ ಒತ್ತಿದಾಗ ಅಕ್ಷರ ತಲೆಕೆಳಗಾಗಿ ಬಿತ್ತು. ಆದರೆ ಆ ಹಿಟ್ಟನ್ನೇ ಅರ್ಧ ಸುತ್ತು ತಿರುಗಿಸಿದೆ: ಮೊದಲಿನ ಅಚ್ಚೇ ಬಂತು! ಎಂದರೆ ಎರಡೂ ಒಂದೇ ಅಚ್ಚು, ನಾನು ನೋಡುತ್ತಿದ್ದ ದಿಕ್ಕು ಬೇರೆ. ಇಷ್ಟು ತಿಳಿಯಲು ಒಂದು ಸಂಜೆ ಹೋಯಿತು. ಈಗ ಉಂಗುರದ ಚಿತ್ರ ಕಂಡರೆ ಮೊದಲು ಕನ್ನಡಿಗೆ ಹಿಡಿಯುತ್ತೇನೆ, ಆಮೇಲೆ ಓದುತ್ತೇನೆ.

ಆದರೆ ಈ ಹೆಸರಿನಲ್ಲಿ ಕನ್ನಡಿಯೂ ಒಂದು ಹಂತದವರೆಗೆ ಮಾತ್ರ ನೆರವಾಗುತ್ತದೆ. ಪೈ ಬಾಗಿಲ ಚೌಕಟ್ಟಿನಂತೆ, ಅಯೋಟಾ ನೆಟ್ಟ ಕಡ್ಡಿಯಂತೆ, ಲಾಂಬ್ಡಾ ಗುಡಿಸಲ ಮಾಡಿನಂತೆ, ಆಲ್ಫಾ ಅದೇ ಮಾಡಿಗೆ ಅಡ್ಡಪಟ್ಟಿ ಹಾಕಿದಂತೆ, ಟೌ ಕಂಬದ ಮೇಲಿನ ತೊಲೆಯಂತೆ, ಓಮಿಕ್ರಾನ್ ಬಳೆಯಂತೆ. ಆರೂ ಅಕ್ಷರಗಳ ಸಾಮಾನ್ಯ ರೂಪ ಎಡ–ಬಲ ಒಂದೇ! ಯಾವ ಅಕ್ಷರವನ್ನು ಬಿಡಿಯಾಗಿ ನೋಡಿದರೂ ಅದು ಮಗುಚಿದೆಯೋ ನೇರವಾಗಿದೆಯೋ ಹೇಳಲಾಗದು. ಸುಳಿವು ಕೊಡುವುದು ಅಕ್ಷರಗಳ ಸಾಲು ಮಾತ್ರ.

ವ್ಯಾಕರಣ ನಮಗೆ ಸುಲಭ. ಉಂಗುರದ ಆರು ಅಕ್ಷರಗಳು ‘ಪಿಲಾತೊ’ ಎಂದಷ್ಟೇ ಆಗುತ್ತವೆ; ಅದರ ಕೊನೆಗೆ ಇನ್ನೊಂದು ಅಕ್ಷರ ಸೇರಿಸಿ ‘ಪಿಲಾತೂ’ ಎಂದು ಓದುತ್ತಾರೆ. ಅದು ನಮ್ಮ ಷಷ್ಠಿ ವಿಭಕ್ತಿಯಂತೆ: ‘ಪಿಲಾತನ’.

ಹಾಗಾದರೆ ಇದನ್ನು ತೊಟ್ಟವನು ಪಿಲಾತನೇ? ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಅಧಿಪತಿಯಾಗಿದ್ದವನಿಗೆ ಇಷ್ಟು ಸಾದಾ ಉಂಗುರ ಒಪ್ಪುವುದಿಲ್ಲ ಎಂದು ಅದನ್ನು ಪ್ರಕಟಿಸಿದ ವಿದ್ವಾಂಸರೇ ಶಂಕಿಸಿದ್ದಾರೆ. ಅವನ ಹೆಸರಿನಲ್ಲಿ ಮುದ್ರೆ ಒತ್ತುತ್ತಿದ್ದ ಕೈಕೆಳಗಿನ ನೌಕರನದಿರಬಹುದು. ನನಗೆ ಈ ಊಹೆಯೇ ಸರಿಯೆನಿಸುತ್ತದೆ: ‘ಪಿಲಾತನ’ ಎಂಬ ಮುದ್ರೆ ಸರಕು ಯಾರಿಗೆ ಸೇರಿದ್ದೆಂದು ಹೇಳುತ್ತದೆಯೇ ಹೊರತು, ಉಂಗುರ ಯಾರ ಬೆರಳಿನಲ್ಲಿತ್ತೆಂದು ಹೇಳುವುದಿಲ್ಲ.